ವೈದ್ಯರ ತೋಳಿನ ಚೇಳು

"ನಿಮ್ಮ ಎದಿ ಗಂಟು ನೋಡಿದ್ರ ಕ್ಯಾನ್ಸ..." ಎಂದು ಡಾಕ್ಟರ್ ನಿಹಾಲ್ ಬಳೂಟಗಿ ಹೇಳುವಷ್ಟರಲ್ಲಿ ಅವರ ಎಡತೋಳನ್ನು ಚೇಳು ಹಿಡಿಯಿತು. ಮಾತು ಅಲ್ಲೇ ನಿಂತಿತು. ಕೋಟಿನೊಳಗೆ ಕಟ್ಟಿಕೊಂಡಿದ್ದ ನಾಲ್ಕು ಬೆರಳಗಲದ ಪಟ್ಟಿ ಒದ್ದೆ ಬಟ್ಟೆ ಹಿಂಡುವ ಕೈಯ ಹಾಗೆ ಅವರ ಮಾಂಸವನ್ನು ಎಲುಬಿಗೊತ್ತಿ ಹಿಂಡುತ್ತಿತ್ತು. ಹಣೆಯಲ್ಲಿ ಬೆವರೊಡೆಯಿತು.

ಎದುರಿಗೆ ಕುಳಿತಿದ್ದ ದೀಪವ್ವನಿಗೆ ಇದಾವುದೂ ತಿಳಿಯಲಿಲ್ಲ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ, ಐವತ್ತರ ಆಸುಪಾಸಿನ ಹೆಂಗಸು ಅವಳು. ಅರ್ಧ ಕೇಳಿದ ಆ ಶಬ್ದ ಎದೆಗೆ ಒದ್ದಂತಾಗಿ ಉಸಿರು ಹಿಡಿದು ಕುಳಿತಿದ್ದಳು. ಅವಳ ಮಣಿಕಟ್ಟಿನಲ್ಲಿದ್ದ ಬೂದುಬಣ್ಣದ ಬಳೆ ಆ ಒದೆತವನ್ನೇ ಡಾಕ್ಟರ ತೋಳಿಗೆ ದಾಟಿಸಿತ್ತು.

ಡಾಕ್ಟರು ದಾರಿ ಬದಲಿಸಿದರು. "ಅಂದ್ರ, ಗಾಬರಿ ಆಗೂವಂಥಾದ್ದು ಏನಿಲ್ಲಮ್ಮ. ಒಂದು ಸೂಜಿ ಪರೀಕ್ಷೆ ಮಾಡಿಬಿಡೂಣು. ಇವತ್ತ..." ಮತ್ತೆ ಹಿಂಡು. "ಇವತ್ತ ಆಗಬೇಕು ಅಂತೇನಿಲ್ಲ. ನಿಮಗ ಬಿಡುವಾದಾಗ ಬರ್ರಿ."

ಪಟ್ಟಿ ಸಡಿಲವಾಯಿತು. ದೀಪವ್ವನ ಹೆಗಲು ಕೆಳಗಿಳಿದವು, ತುಟಿಯ ಮೇಲೆ ನಗುವೂ ಬಂತು. ಹಿಂದೆ ನಿಂತಿದ್ದ ಗಂಡ ಸೋಮಲಿಂಗ ಎರಡೂ ಕೈ ಜೋಡಿಸಿದ. ಇಂಥ ದೇವರಂಥ ಡಾಕ್ಟರನ್ನು ತಾನು ಕಂಡಿರಲಿಲ್ಲ ಎಂದು ಬಾಗಿಲ ಬಳಿಯ ಸಾಲಿಗೆಲ್ಲ ಹೇಳುತ್ತಲೇ ಹೋದ.

ಮೂಲೆಯಲ್ಲಿ ಕುಳಿತಿದ್ದ ಧೃತಿ ಇದನ್ನು ನೋಡಿ ತನ್ನೊಳಗೇ ಹಿಗ್ಗಿದಳು. ಆ ಪಟ್ಟಿಯನ್ನು ಕಂಡುಹಿಡಿದವಳು ಅವಳೇ. ಕಾಗದದ ಮೇಲೆ ಅದರ ಹೆಸರು ಮಿಡಿಪಟ್ಟಿ. ವೈದ್ಯರು ಅದನ್ನು ಚೇಳು ಎಂದರು, ರೋಗಿಗಳು ತಮ್ಮ ಕೈಗೆ ಕಟ್ಟುವ ಭಾಗವನ್ನು ಬಳೆ ಎಂದರು. ಕೊನೆಗೆ ಉಳಿದದ್ದು ಈ ಎರಡು ಹೆಸರುಗಳೇ.

ಮಾತು ಕಿವಿಗೆ ಬಿದ್ದ ಕ್ಷಣದಲ್ಲೇ ದೇಹ ಅದಕ್ಕೆ ಉತ್ತರ ಕೊಡುತ್ತದೆ, ನಾಲಿಗೆಗಿಂತ ಎಷ್ಟೋ ಮೊದಲು. ಹೆದರಿದಾಗ ಚರ್ಮದ ಕೆಳಗಿನ ಕೂದಲೆಳೆಯಂಥ ರಕ್ತನಾಳಗಳು ಮುದುಡುತ್ತವೆ, ಚರ್ಮ ಕಣ್ಣಿಗೆ ಕಾಣದಷ್ಟು ಬೆವರುತ್ತದೆ, ಎರಡು ಮಿಡಿತಗಳ ನಡುವಿನ ಅಂತರ ಏರುಪೇರಾಗುತ್ತದೆ. ಬಳೆ ಇವನ್ನು ಅಳೆದು, ತಂತಿಯಿಲ್ಲದೆ, ವೈದ್ಯರ ತೋಳಿಗೆ ಕಳಿಸುತ್ತದೆ. ರೋಗಿಗೆ ಎಷ್ಟು ಪೆಟ್ಟೋ ತೋಳಿಗೆ ಅಷ್ಟು ಹಿಂಡು. ಧೃತಿಯ ಪಾಲಿಗೆ ಪೆಟ್ಟು ಎಂಬುದು ಅಲಂಕಾರದ ಮಾತಾಗಿರಲಿಲ್ಲ. ಕೆಟ್ಟದಾಗಿ ಹೇಳಿದ ಒಂದು ವಾಕ್ಯ ದುರ್ಬಲ ಹೃದಯದ ಮುದುಕನನ್ನು ಕುರ್ಚಿಯಲ್ಲೇ ಕೊಂದದ್ದನ್ನು ಅವಳು ತನ್ನ ಪ್ರಯೋಗಗಳ ಮೊದಲ ವರ್ಷದಲ್ಲೇ ನೋಡಿದ್ದಳು.

ಇಪ್ಪತ್ತೊಂದನೆಯ ಶತಮಾನದ ನಡುಭಾಗ ದಾಟಿದ ಆ ವರ್ಷಗಳಲ್ಲಿ ಹೊರರೋಗಿ ವಿಭಾಗಗಳು ಹೊಡೆದಾಟದ ಕಣಗಳಾಗಿದ್ದವು. ಕುರ್ಚಿಗಳು ಹಾರುತ್ತಿದ್ದವು, ಗಾಜು ಒಡೆಯುತ್ತಿತ್ತು, ಕಾರಿಡಾರಿನಲ್ಲಿ ವೈದ್ಯರನ್ನು ಕೂದಲು ಹಿಡಿದು ಎಳೆದಾಡುತ್ತಿದ್ದರು. ಕಾವಲಿನವರು ಲಾಠಿ ಹಿಡಿದು ಬಂದರು. ಅವರು ರೋಗಿಯ ಕಡೆಯವರ ತಲೆ ಒಡೆದರು. ಕೊನೆಗೆ ಜಾಲರಿ ಬಂತು. ಡಾಕ್ಟರು ಒಳಗೆ, ರೋಗಿ ಹೊರಗೆ, ನಡುವೆ ಕಬ್ಬಿಣ. ನಾಡಿ ತೋರಿಸಬೇಕಾದರೆ ಕಿಂಡಿಯಲ್ಲಿ ಕೈ ತೂರಿಸಬೇಕು, ಹೊಟ್ಟೆ ನೋವೆಂದರೆ ಅಂಗಿ ಎತ್ತಿ ಜಾಲರಿಗೆ ಒತ್ತಿ ನಿಲ್ಲಬೇಕು.

ಜಾಲರಿ ಬರುವುದಕ್ಕೆ ಸ್ವಲ್ಪ ಮುಂಚೆ ಧೃತಿಯ ಅಕ್ಕ ಅನ್ವಿತಾ ಮೈಸೂರು ಕಡೆಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಾಗಿದ್ದಳು. ಒಂದು ಮಧ್ಯಾಹ್ನ ಅಕ್ಕನನ್ನು ಊಟಕ್ಕೆ ಕರೆಯಲು ಹೋದ ಧೃತಿ ಬಾಗಿಲಲ್ಲೇ ನಿಂತು ನೋಡಿದಳು. ಮಗುವನ್ನು ಎತ್ತಿಕೊಂಡು ಓಡಿ ಬಂದ ತಂದೆಗೆ ಅನ್ವಿತಾ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ದಿನ ಏನ್ ಮಾಡ್ತಿದ್ರಿ?" ಅವನು ಮೇಜಿನ ಮೇಲಿದ್ದ ಮದ್ದಿನ ಶೀಶೆಯನ್ನು ಅಂಚಿಗೆ ಬಡಿದು ಒಡೆದು ಅವಳ ಮುಖಕ್ಕೆ ತಿವಿದ. ಅಕ್ಕನ ಒಂದು ಕಣ್ಣು ಹೋಯಿತು. ಜನ ಅವನನ್ನು ನೆಲಕ್ಕೆ ಕೆಡವಿ ತುಳಿಯುವಾಗ ಅವನು ತನ್ನ ತಲೆಯನ್ನು ಕಾಪಾಡಿಕೊಳ್ಳಲಿಲ್ಲ, ಮಗುವನ್ನು ಮೈಯಡಿಗೆ ಮುಚ್ಚಿಕೊಂಡ. ಮಗು ಆಗಲೇ ಸತ್ತಿತ್ತು.

ಅಂದಿನಿಂದ ಧೃತಿ ಯಾವ ಕೋಣೆಗೆ ಹೋದರೂ ಮೊದಲು ಜನರ ಕೈಗಳನ್ನು ನೋಡುತ್ತಿದ್ದಳು. ಆ ಪ್ರಶ್ನೆ ಮುಗಿಯುವ ಮುನ್ನ ಅಕ್ಕನ ತೋಳನ್ನು ಯಾರಾದರೂ ಒಮ್ಮೆ ಚಿವುಟಿದ್ದರೆ ಸಾಕಿತ್ತು ಎಂಬ ಒಂದೇ ಯೋಚನೆ ಬೆಳೆದು ಬೆಳೆದು ಮಿಡಿಪಟ್ಟಿಯಾಯಿತು.

ಉತ್ತರ ಕರ್ನಾಟಕದ ಒಂದು ಜಿಲ್ಲಾಸ್ಪತ್ರೆ ಅದನ್ನು ಪರೀಕ್ಷೆಗೆ ತೆಗೆದುಕೊಂಡಿತು. ಶಸ್ತ್ರಚಿಕಿತ್ಸೆಯ ಹೊರರೋಗಿ ಕೋಣೆಯ ಜಾಲರಿ ಬಿಚ್ಚಿದರು. ಮೊದಲ ವಾರಗಳು ಕಷ್ಟದವು. ಡಾಕ್ಟರ್ ಬಳೂಟಗಿಯವರ ತೋಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅವರ ಜೊತೆಯ ಕಿರಿಯ ವೈದ್ಯರು ಪಟ್ಟಿಯನ್ನು ಗುಟ್ಟಾಗಿ ಸಡಿಲಿಸಿದರು, ಕೆಲವರು ರೋಗಿಯ ಬಳೆಯನ್ನೇ ಬಿಚ್ಚಿಟ್ಟರು. ಧೃತಿ ಅದಕ್ಕೂ ಉಪಾಯ ಹೂಡಿದಳು. ಪಟ್ಟಿಗೆ ಉಕ್ಕಿನ ಎಳೆ ಹೆಣೆದು ಕತ್ತರಿಸಲಾಗದಂತೆ ಮಾಡಿದಳು. ರೋಗಿಯ ದೇಹ ಶಾಂತವಾದಾಗ ಮಾತ್ರ ತೆರೆಯುವ ಬೀಗ ಇಟ್ಟಳು. ಬಳೆ ಬಿಚ್ಚಿದರೆ ಪಟ್ಟಿ ಎಲ್ಲಿತ್ತೋ ಆ ಬಿಗಿಯಲ್ಲೇ ನಿಲ್ಲುತ್ತಿತ್ತು. ತುರ್ತಿಗೆ ಪಟ್ಟಿ ಬಿಚ್ಚಲು ಒಂದು ಕೀಲಿಯನ್ನು ಆಸ್ಪತ್ರೆಯ ಮುಖ್ಯಸ್ಥರ ಕೋಣೆಯಲ್ಲಿ ಇಟ್ಟರು.

ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಯಾರೂ ಯಾರ ಮೇಲೂ ಕೈ ಎತ್ತಲಿಲ್ಲ. ಬೇರೆ ಜಿಲ್ಲೆಗಳಿಂದ ವೈದ್ಯರು ನೋಡಲು ಬಂದರು. ಧೃತಿ ಅವರಿಗೆ ಒಂದು ಅಚ್ಚರಿಯನ್ನು ತೋರಿಸುತ್ತಿದ್ದಳು: ಚೇಳು ಅತಿ ಜೋರಾಗಿ ಹಿಂಡಿದ್ದು ಯಾವ ರೋಗದ ಹೆಸರಿಗೂ ಅಲ್ಲ, ದಿನಕ್ಕೆ ಹತ್ತಾರು ಸಲ, ಯೋಚಿಸದೆ, ಬಾಯಿಚಟಕ್ಕೆ ಕೇಳುವ ಅದೇ ಪ್ರಶ್ನೆಗೆ. ಅಕ್ಕ ಕೇಳಿದ ಪ್ರಶ್ನೆಗೆ. ಆ ಪ್ರಶ್ನೆ ರೋಗಿಯನ್ನು ರೋಗಕ್ಕೆ ಹೊಣೆ ಮಾಡುತ್ತದೆ ಎಂದು ಅವಳು ಬಿಡಿಸಿ ಹೇಳುವಾಗ ಬಂದವರೆಲ್ಲ ನೆಲ ನೋಡುತ್ತಿದ್ದರು.

ಆದರೆ ಒಂದು ಸಂಗತಿ ಅವಳನ್ನು ಒಳಗೊಳಗೇ ಕೊರೆಯತೊಡಗಿತ್ತು. ಬಳೂಟಗಿ ಈಗ ರೋಗಿಯ ಮುಖ ನೋಡುತ್ತಿರಲಿಲ್ಲ. ನೋಡುವ ಅಗತ್ಯವೇ ಅವರಿಗೆ ಉಳಿದಿರಲಿಲ್ಲ. ಕಣ್ಣು ಪರದೆಯ ಮೇಲೆ, ಮನಸ್ಸು ತೋಳಿನ ಮೇಲೆ. ಕತ್ತಲಲ್ಲಿ ಗೋಡೆ ತಡವಿಕೊಂಡು ನಡೆಯುವವರಂತೆ ಮಾತನ್ನು ಮುಂದಿಟ್ಟು, ಹಿಂಡಿದರೆ ಹಿಂದೆಗೆದು, ಹಿಂಡದಿದ್ದರೆ ಮುಂದೆ ಹೋಗುತ್ತಿದ್ದರು. ಇದನ್ನು ಹೇಳಬೇಕೆಂದು ಧೃತಿಗೆ ಎಷ್ಟೋ ಸಲ ಅನಿಸಿತು. ಪರೀಕ್ಷೆ ನಡೆಯುವಾಗ ನೋಡುವವಳು ತುಟಿ ಬಿಚ್ಚಬಾರದೆಂಬ ನಿಯಮವನ್ನು ಅವಳೇ ಮಾಡಿದ್ದಳು.

ನಾಲ್ಕು ತಿಂಗಳ ಮೇಲೆ ದೀಪವ್ವ ಮತ್ತೆ ಬಂದಳು. ಮೈ ಇಳಿದಿತ್ತು, ಸೆರಗಿನಡಿ ಒಂದು ಕಡೆ ಬಟ್ಟೆ ಮಡಿಸಿ ಇಟ್ಟುಕೊಂಡಿದ್ದಳು. ಎರಡು ದಿನದ ಹಿಂದೆ ಮಾಡಿದ ಪರೀಕ್ಷೆಯ ಫಲಿತಾಂಶ ಪರದೆಯ ಮೇಲಿತ್ತು. ಬಳೂಟಗಿ ಅದನ್ನು ಓದಿದರು. ಆಮೇಲೆ, ನಮ್ಮ ಕಡೆ ಎಲ್ಲ ಡಾಕ್ಟರೂ ಮಾಡುವಂತೆ, ಕೆಟ್ಟ ಸುದ್ದಿಯನ್ನು ಅದು ಯಾರದೋ ಅವರಿಂದ ದೂರ ಇಡಲು ನೋಡಿದರು. "ಅಮ್ಮಾ, ನೀವು ಸ್ವಲ್ಪ ಹೊರಗ ಕುಂತಿರ್ರಿ. ಯಜಮಾನ್ರ ಕೂಡ ಮಾತಾಡೂದೈತಿ" ಎಂದರು.

ಅವಳು ಎದ್ದು ಹೋದಳು. ಬಳೆ ಅವಳ ಕೈಯಲ್ಲೇ ಇತ್ತು. ಹೊರಗಿನ ಬೆಂಚಿನಲ್ಲಿ ಅವಳು ಪಕ್ಕದವಳೊಂದಿಗೆ ಈ ಸಲದ ಜೋಳದ ಹಿಟ್ಟಿಗೆ ಜಿಗುಟು ಸಾಲದೆಂದು, ರೊಟ್ಟಿ ಅಂಚಿನಲ್ಲಿ ಒಡೆಯುತ್ತವೆಂದು ಮಾತಿಗಿಳಿದದ್ದು ಧೃತಿಗೆ ಕೇಳುತ್ತಿತ್ತು. ಬಳೆ ಆ ಮಾತಿನ ನೆಮ್ಮದಿಯನ್ನು ಗೋಡೆ ದಾಟಿಸಿ ಡಾಕ್ಟರ ತೋಳಿಗೆ ಕಳಿಸುತ್ತಿತ್ತು. ಚೇಳು ಮಲಗಿತ್ತು.

ಬಳೂಟಗಿ ಪರದೆ ನೋಡುತ್ತಲೇ ತಡೆಯಿಲ್ಲದೆ ಹೇಳಿದರು. ಕ್ಯಾನ್ಸರ್. ಕಂಕುಳಿಗೆ ಹಬ್ಬಿದೆ, ಎಲುಬಿಗೂ ಇಳಿದಿದೆ. ಎದೆ ತೆಗೆಯಬೇಕು, ತೆಗೆದರೂ ಪೂರ್ತಿ ಗುಣವಾಗದು. ಎದುರಿಗಿದ್ದವನ ಮೇಲೆ ಒಂದರ ಹಿಂದೊಂದು ಕಲ್ಲು ಬೀಳುತ್ತಿತ್ತು. ತೋಳು ಮಾತ್ರ ಹಗುರವಾಗಿತ್ತು. ಹಗುರವಾಗಿದ್ದರಿಂದಲೇ, ತಿಂಗಳುಗಟ್ಟಲೆ ಕಟ್ಟಿಹಾಕಿದ್ದ ಹಳೆಯ ಚಟ ಹೊರಬಂತು.

"ಇಷ್ಟು ದಿನ ಏನ್ ಮಾಡಾಕತ್ತಿದ್ರಿ? ನಾಲ್ಕು ತಿಂಗಳ ಮೊದಲ ತಂದಿದ್ರ ಸೂಜಿಮದ್ದಿನಾಗ ಕರಗಿ ಹೋಗತಿತ್ತು."

ಸೋಮಲಿಂಗ ಸೋಲಾರ್ ಬಯಲಿನಲ್ಲಿ ಹಲಗೆ ತೊಳೆಯುವ ಕೂಲಿ. ದೊಡ್ಡ ದನಿಯ ಮನುಷ್ಯನಲ್ಲ. "ತಂದಿದ್ನೆಲ್ರೀ" ಎಂದ.

"ಯಾವಾಗ?"

"ನಿಮ್ಮ ಹಂತೇಕನ. ಇದ ಕುರ್ಚಿ ಮ್ಯಾಲ ಕುಂದರಸಿದ್ದೆ. ಬಿಡುವಾದಾಗ ಬರ್ರಿ ಅಂದ್ರಿ. ಅಕಿಗೆ ಬಿಡುವು ಯಾವಾಗ ಆಗತೈತ್ರಿ? ಲಗ್ನದ ಹಂಗಾಮು ಮುಗೀಲಿ, ರೊಟ್ಟಿ ಆರ್ಡರು ಮುಗೀಲಿ ಅಂದ್ಲು. ಮುಗದ ಮ್ಯಾಲ ಬಂದ್ವಿ."

ಆ ದಿನ ಧೃತಿಗೆ ನೆನಪಿತ್ತು. ಆ ದಿನವನ್ನು ಅವಳು ಬಂದವರಿಗೆಲ್ಲ ಮಾದರಿಯಾಗಿ ವರ್ಣಿಸಿದ್ದಳು. ಮೇಜಿನ ಅಂಚನ್ನು ಹಿಡಿದಿದ್ದ ಸೋಮಲಿಂಗನ ಕೈಯಲ್ಲಿ ನರಗಳು ಹಗ್ಗದಂತೆ ಏಳುವುದನ್ನು ಅವಳು ನೋಡಿದಳು. ಸಾರ್, ಅವರ ಮುಖ ನೋಡಿ ಎಂಬ ಮಾತು ಬಾಯಿತನಕ ಬಂದು ನಿಯಮಕ್ಕೆ ಎಡವಿ ಅಲ್ಲೇ ಉಳಿಯಿತು.

"ಹಂಗ ನಾ ಅಂದಿರಾಕಿಲ್ಲ ಬಿಡ್ರಿ" ಎಂದರು ಬಳೂಟಗಿ. ಚೇಳು ಮಿಸುಕಲಿಲ್ಲ. ತಮ್ಮ ಮಾತು ಯಾರಿಗೂ ತಾಗಲಿಲ್ಲ ಎಂದೇ ಅವರು ತಿಳಿದರು.

ಸೋಮಲಿಂಗ ಮೂಲೆಯ ಸಲೈನ್ ಸ್ಟ್ಯಾಂಡನ್ನು ಎತ್ತಿದ್ದು ಧೃತಿಗೆ ಕಾಣಿಸಿತು, ಬೀಸಿದ್ದು ಕಾಣಿಸಲಿಲ್ಲ. ಪರದೆ ಸಿಡಿದು ಗಾಜಿನ ಚೂರು ಅವಳ ಮಡಿಲಿಗೆ ಬಿತ್ತು. ಎರಡನೆಯ ಪೆಟ್ಟಿಗೆ ಬಳೂಟಗಿ ಎಡಗೈ ಅಡ್ಡ ಹಿಡಿದರು. ಮೊಣಕೈಯ ಮೇಲೆ ಎಲುಬು ಒಣ ದಂಟಿನಂತೆ ಮುರಿಯಿತು. ಮೂರನೆಯದು ಬಾಯಿಗೆ. ಅವರು ಕುರ್ಚಿಯ ಸಮೇತ ಹಿಂದಕ್ಕುರುಳಿದರು. ಸೋಮಲಿಂಗ ಮೇಜು ದಾಟಿ ಬಂದು ಪಕ್ಕೆಗೆ ಒದ್ದ, ಮತ್ತೆ ಒದ್ದ, ಒದೆಯುತ್ತಲೇ "ಏನ್ ಮಾಡಾಕತ್ತಿದ್ವಿ? ಹೇಳು, ಏನ್ ಮಾಡಾಕತ್ತಿದ್ವಿ?" ಎಂದು ಕೇಳುತ್ತಿದ್ದ. ಅವನ ದನಿ ಆಗಲೂ ಏರಿರಲಿಲ್ಲ.

ಧೃತಿ ಮೇಜಿನಡಿಯ ಕೆಂಪು ಗುಂಡಿ ಒತ್ತಿದಳು. ಜಾಲರಿ ತೆಗೆದಾಗ ಅದರ ಬದಲು ಇಟ್ಟಿದ್ದ ಏರ್ಪಾಟು ಅದು. ಗುಂಪು ಒಳನುಗ್ಗದಂತೆ ಬಾಗಿಲಿಗೆ ಕಬ್ಬಿಣದ ಶಟರ್ ಬೀಳುತ್ತದೆ, ಮತ್ತೆ ಅದನ್ನು ಎತ್ತುವುದು ಪೊಲೀಸರು ಬಂದ ಮೇಲೆಯೇ. ಶಟರ್ ಬೀಳುವುದಕ್ಕೂ ಗದ್ದಲ ಕೇಳಿದ ದೀಪವ್ವ ಒಳಗೆ ಓಡಿ ಬರುವುದಕ್ಕೂ ಸರಿಹೋಯಿತು. ಅವಳ ಸೀರೆಯ ಅಂಚು ಶಟರಿನಡಿ ಸಿಕ್ಕಿ ಹರಿಯಿತು. ಹೊರಗೆ ಜನ ಕಬ್ಬಿಣಕ್ಕೆ ಬಡಿಯತೊಡಗಿದರು. ಹೊಡೆದವನನ್ನು ಉಳಿಸುವುದಾಗಿತ್ತೋ ಕೊಲ್ಲುವುದಾಗಿತ್ತೋ ಆ ಬಡಿತದಿಂದ ತಿಳಿಯುವಂತಿರಲಿಲ್ಲ.

ದೀಪವ್ವ ಗಂಡನನ್ನು ನೋಡಿದಳು, ಅವನ ಕೈಯ ಕಬ್ಬಿಣವನ್ನು, ನೆಲದ ರಕ್ತವನ್ನು ನೋಡಿದಳು. ಆಗ ಚೇಳು ಎಚ್ಚರವಾಯಿತು.

ಪೆಟ್ಟು ತಿನ್ನುವಾಗಲೂ ಕೂಗದಿದ್ದ ಬಳೂಟಗಿ ಈಗ ಚೀರಿದರು. ಗಟ್ಟಿ ತೋಳಿಗೆ ಆ ಹಿಂಡು ಬರೀ ನೋವು. ಮುರಿದ ತೋಳಿನಲ್ಲಿ ಅದು ಎಲುಬಿನ ಚೂಪನ್ನು ರಕ್ತನಾಳದ ಮೇಲೆ ಒತ್ತುತ್ತಿತ್ತು. ಧೃತಿ ಅವರ ಬಳಿ ಮಂಡಿಯೂರಿ ಕೋಟಿನ ತೋಳು ಹರಿದಳು. ಬೆರಳುಗಳು ಆಗಲೇ ಬಿಳಿಚಿ ಉಗುರು ನೀಲಿಗೆ ತಿರುಗುತ್ತಿದ್ದವು. ಪಟ್ಟಿಯಡಿ ಉಗುರು ತೂರಿಸಿ ಎಳೆದಳು. ಮೇಜಿನ ಕತ್ತರಿಯನ್ನು ತಂದು ಒತ್ತಿದಳು. ಉಕ್ಕಿನೆಳೆಯ ಮೇಲೆ ಅದು ಜಾರಿ ಅವಳ ಹೆಬ್ಬೆರಳನ್ನೇ ಸೀಳಿತು. ಬಳೆ ಬಿಚ್ಚಿದರೆ ಪಟ್ಟಿ ಈ ಬಿಗಿಯಲ್ಲೇ ನಿಲ್ಲುತ್ತದೆ. ಕೀಲಿ ಶಟರಿನ ಆಚೆ. ಪಟ್ಟಿ ಸಡಿಲವಾಗುವ ದಾರಿ ಒಂದೇ ಉಳಿದಿತ್ತು: ದೀಪವ್ವ ಶಾಂತವಾಗಬೇಕು. ಅದೂ ಬೇಗ. ಇಲ್ಲವಾದರೆ ಈ ಮನುಷ್ಯನ ಕೈ ಹೋಗುತ್ತದೆ, ನಾಳ ಹರಿದರೆ ಜೀವವೂ ಹೋಗುತ್ತದೆ.

"ಗಾಬರಿಯಾಗಬೇಡಿ ದೀಪವ್ವ, ಏನೂ ಆಗಿಲ್ಲ" ಎಂದಳು ಧೃತಿ. ಪಟ್ಟಿ ಇನ್ನೊಂದು ಸುತ್ತು ಬಿಗಿಯಿತು.

"ಅವಗ ಏನ್ ಹೇಳಿದ್ರಿ?" ದೀಪವ್ವ ಕೇಳಿದಳು. "ಇರುವಿ ಕಂಡ್ರ ದಾಟಿ ಕಾಲಿಡಾಂವ ಅಂವ. ಏನ್ ಹೇಳಿದ್ರಿ ಅಂತ ಹಿಂಗ ಮಾಡಿದ?"

"ಏನಿಲ್ಲ. ನಿನಗೇನೂ ಆಗಿಲ್ಲ, ನೀ ಆ ಕಡೆ ಮಾರಿ ಮಾಡು" ಎಂದ ಸೋಮಲಿಂಗ. ಪಟ್ಟಿ ಮತ್ತೂ ಬಿಗಿಯಿತು. ಬಳೂಟಗಿಯವರ ಹಿಮ್ಮಡಿಗಳು ನೆಲವನ್ನು ಉಜ್ಜುತ್ತಿದ್ದವು.

ಸುಳ್ಳೇ ದೀಪವ್ವನನ್ನು ಹೆದರಿಸುತ್ತಿದೆ ಎಂದು ತಿಳಿಯಲು ಇನ್ನೇನೂ ಬೇಕಿರಲಿಲ್ಲ. ಇಬ್ಬರೂ ಏನಿಲ್ಲ ಎಂದಿದ್ದರು, ಇಬ್ಬರ ಏನಿಲ್ಲವೂ ಕಲ್ಲಿನಂತೆ ಬಿದ್ದಿತ್ತು. ಧೃತಿ ತನ್ನ ಜೀವಮಾನದಲ್ಲಿ ಒಬ್ಬ ರೋಗಿಗೂ ಏನನ್ನೂ ಹೇಳಿದವಳಲ್ಲ. ಮಾತನ್ನು ಅಳೆದಿದ್ದಳು, ಆಡಿರಲಿಲ್ಲ.

"ನಾನು ಹೇಳ್ತೀನಿ" ಎಂದಳು.

ಸೋಮಲಿಂಗ ಸ್ಟ್ಯಾಂಡನ್ನು ಅವಳ ಕಡೆಗೆ ತಿರುಗಿಸಿದ. "ಅಕಿಗೆ ಹೇಳಿದ್ರ ನಿನ್ನ ತಲಿ ಒಡಿತೀನಿ. ಅಕಿ ಎದಿ ಒಡಕೊಂಡು ಇಲ್ಲೇ ಸಾಯ್ತಾಳ."

ಧೃತಿಗೆ ಅಕ್ಕನ ಮುಖ ಕಣ್ಮುಂದೆ ಬಂತು. ಆದರೂ ಬಾಯಿ ತೆರೆದಳು. "ದೀಪವ್ವ, ನಿಮ್ಮ ಎದೆಯಲ್ಲಿರೋದು..." ಪೆಟ್ಟು ಬಿತ್ತು. ತಲೆಗೆ ಗುರಿಯಿಟ್ಟದ್ದು ತಪ್ಪಿ ಹೆಗಲಿಗೆ ಬಿತ್ತು. ಕೊರಳೆಲುಬು ಒಳಗೆ ಚಟ್ಟೆಂದದ್ದು ಅವಳಿಗೇ ಕೇಳಿಸಿತು. ಕಣ್ಣು ಕತ್ತಲಿಟ್ಟಿತು. ಅವನು ಮತ್ತೆ ಎತ್ತಿದ.

ಎತ್ತಿದ ಕಬ್ಬಿಣವನ್ನು ದೀಪವ್ವ ನಡುಗಾಳಿಯಲ್ಲಿ ಹಿಡಿದಳು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಒಂದೇ ಸಲ ತಿರುವಿ ಕಿತ್ತುಕೊಂಡು, ಸ್ಟ್ಯಾಂಡಿನ ಬುಡದಿಂದ ಗಂಡನ ಎದೆಗೆ ಗುದ್ದಿದಳು. ಅವನು ಗೋಡೆಗೆ ಬಡಿದು ಕುಸಿದ. "ಸುಮ್ಕ ಕುಂದರು" ಎಂದಳು. "ನನ್ನ ಎದಿ. ನನಗ ಹೇಳ್ಲಿ."

ಧೃತಿ ನೆಲದಲ್ಲೇ ಕುಳಿತು ಹೇಳಿದಳು. "ಕ್ಯಾನ್ಸರ್ ದೀಪವ್ವ. ಕಂಕುಳಿಗೆ ಹೋಗಿದೆ, ಎಲುಬಿಗೂ ಹೋಗಿದೆ." ಪಟ್ಟಿ ಹಿಂಡಿತು. ಬಳೂಟಗಿ ಬಿಲ್ಲಿನಂತೆ ಬಾಗಿದರು. ಧೃತಿ ನಿಲ್ಲಿಸಲಿಲ್ಲ. "ಹಿಂದಿನ ಸಲ ನೀವು ಬಂದಾಗಲೇ ಇವರಿಗೆ ಅನುಮಾನ ಇತ್ತು. ಅವತ್ತೇ ಪರೀಕ್ಷೆ ಮಾಡಬೇಕು ಅಂತಾನೂ ಗೊತ್ತಿತ್ತು. ನಿಮಗೆ ಗಾಬರಿ ಆದರೆ ಇವರ ಕೈ ಹಿಂಡೋ ಹಾಗೆ ನಾನು ಈ ಯಂತ್ರ ಮಾಡಿದ್ದೆ. ಅದಕ್ಕೇ ಹೇಳಲಿಲ್ಲ. ನೀವು ತಡ ಮಾಡಿದ್ದಲ್ಲ. ನಿಮ್ಮ ಯಜಮಾನರೂ ಅಲ್ಲ."

ಹೊರಗಿನ ಬಡಿತ ಒಂದು ಕ್ಷಣ ದೂರವಾದಂತೆ ಅನಿಸಿತು. ದೀಪವ್ವ ಸ್ಟ್ಯಾಂಡನ್ನು ಊರುಗೋಲಿನಂತೆ ನೆಲಕ್ಕೂರಿ ನಿಂತಿದ್ದಳು.

"ಸಾಯ್ತೀನೇನು?"

"ನನಗೆ ಗೊತ್ತಿಲ್ಲ. ನಾನು ಡಾಕ್ಟರಲ್ಲ."

ಆಗ ನೆಲದಿಂದ ಬಳೂಟಗಿ ಮಾತಾಡಿದರು. ಬಾಯಿತುಂಬ ರಕ್ತ, ಹಲ್ಲು ಮುರಿದು ಮಾತು ಸೋರುತ್ತಿತ್ತು. ಬಹಳ ದಿನಗಳ ಮೇಲೆ ಅವರು ರೋಗಿಯ ಮುಖ ನೋಡಿ ಹೇಳುತ್ತಿದ್ದರು. ರೋಗ ಪೂರ್ತಿ ಹೋಗುವುದಿಲ್ಲ ಎಂದರು. ಎದೆ ತೆಗೆದು ಮದ್ದು ಕೊಟ್ಟರೆ ಎರಡು ವರ್ಷ, ಕೆಲವರಿಗೆ ಐದು. ಎಲುಬಿನ ನೋವನ್ನು ತಡೆಯಬಹುದು, ಅದು ಮಾತ್ರ ಖಂಡಿತ. ರೊಟ್ಟಿ ಬಡಿಯುವ ಕೆಲಸ ಆಗುತ್ತದೆಯೇ ಎಂದು ಅವಳು ಕೇಳಿದಳು. ಆ ಕಡೆಯ ಕೈಯಲ್ಲಿ ಆಗದು ಎಂದರು. ಅವಳು ಇನ್ನೂ ಕೇಳಿದಳು, ಅವರು ಇನ್ನೂ ಹೇಳಿದರು. ಸಿಹಿಯಾದ ಒಂದು ಮಾತೂ ಅದರಲ್ಲಿರಲಿಲ್ಲ. ಪಟ್ಟಿ ಮೊದಲು ನಿಂತಿತು, ಆಮೇಲೆ ಎಳೆ ಎಳೆಯಾಗಿ ಸಡಿಲತೊಡಗಿತು. ಕೊನೆಗೆ ಬೀಗ ತಾನಾಗಿ ತೆರೆದು ಪಟ್ಟಿ ರಕ್ತದಲ್ಲಿ ಬಿದ್ದಿತು.

ದೀಪವ್ವ ಅದನ್ನು ನೋಡಿದಳು. "ಇಷ್ಟು ಹೇಳಾಕ ಇಷ್ಟು ರಕ್ತ ಬೇಕಾತೇನ್ರಿ?" ಎಂದಳು.

ಶಟರ್ ಎತ್ತಿದ ಕೂಡಲೆ ಗುಂಪು ನುಗ್ಗಿತು. ಸೋಮಲಿಂಗನನ್ನು ಪೊಲೀಸರು ಒಂದು ಕಡೆ, ಜನ ಇನ್ನೊಂದು ಕಡೆ ಹಿಡಿದು ಕಾರಿಡಾರಿನುದ್ದಕ್ಕೂ ಬಡಿದರು. ಅವನ ಕಿವಿಯಿಂದ ರಕ್ತ ಬರುತ್ತಿತ್ತು. ತಡೆಯಲು ಹೋದ ದೀಪವ್ವನಿಗೂ ಎರಡು ಏಟು ಬಿದ್ದವು. ಬಳೂಟಗಿಯವರ ಕೈ ಉಳಿಯಿತು, ಆದರೆ ಮೂರು ಬೆರಳು ಮತ್ತೆ ಮಡಿಸಲಾಗಲಿಲ್ಲ. ಅವರು ಆಮೇಲೆ ಶಸ್ತ್ರಚಿಕಿತ್ಸೆ ಮಾಡಲಿಲ್ಲ. ಸೋಮಲಿಂಗ ಜೈಲಿಗೆ ಹೋದ. ನ್ಯಾಯಾಲಯದಲ್ಲಿ ಬಳೂಟಗಿ ತಾವು ಅಂದಿದ್ದನ್ನೆಲ್ಲ ಒಪ್ಪಿಕೊಂಡರು. ಅದರಿಂದ ಶಿಕ್ಷೆ ಕಡಿಮೆಯಾಯಿತು, ಇಲ್ಲವಾಗಲಿಲ್ಲ.

ಸರ್ಕಾರದ ಸಮಿತಿ ಧೃತಿಯನ್ನು ಕರೆಸಿ ಬಹಳ ಹೊತ್ತು ಕೇಳಿತು. ಮುರಿದ ಹೆಗಲಿಗೆ ಕಟ್ಟು ಹಾಕಿಕೊಂಡು ಅವಳು ನಡೆದದ್ದನ್ನು ನಡೆದಂತೆ ಹೇಳಿದಳು. ಮುಖ ನೋಡುವ ಕೆಲಸವನ್ನು ತೋಳಿಗೆ ಕೊಟ್ಟದ್ದು ತನ್ನ ತಪ್ಪೆಂದಳು, ಹೆದರಿಸದೆ ಹೇಳುವುದೂ ಹೇಳದೆ ಇರುವುದೂ ಪಟ್ಟಿಗೆ ಒಂದೇ ಆಗಿ ಕಂಡವೆಂದಳು. ಸಮಿತಿಯವರು ತಲೆಯಾಡಿಸಿದರು. ಅವರಿಗೆ ಹಿಡಿಸಿದ್ದು ಬೇರೆಯೇ ಸಂಗತಿ: ಅಂದು ಬಳೆಯನ್ನು ಗಂಡನ ಕೈಗೆ ಕಟ್ಟಿದ್ದರೆ ಅವನ ಸಿಟ್ಟು ಮೊದಲೇ ತಿಳಿಯುತ್ತಿತ್ತಲ್ಲ. ವರ್ಷ ಕಳೆಯುವುದರೊಳಗೆ ರಾಜ್ಯದ ಆಸ್ಪತ್ರೆಗಳಿಗೆಲ್ಲ ಹೊಸ ಏರ್ಪಾಟು ಬಂತು. ಜಾಲರಿ ಮರಳಿತು. ರೋಗಿಯ ಜೊತೆ ಬಂದವರೆಲ್ಲರಿಗೂ ಬಳೆ. ಯಾರ ರಕ್ತ ಕುದಿದರೂ ಬಳೆ ಕೆಂಪಾಗುತ್ತದೆ, ಅದು ಇಳಿಯದಿದ್ದರೆ ಶಟರ್ ಬೀಳುತ್ತದೆ. ವೈದ್ಯರ ತೋಳಿಗೆ ಕಟ್ಟಿದ್ದನ್ನು ಬಿಚ್ಚಿ ಬಾಗಿಲಿಗೆ ಕಟ್ಟಿದರು. ಧೃತಿ ಆ ಕೆಲಸ ಬಿಟ್ಟಳು.

ಗಂಡ ಜೈಲಿನಲ್ಲಿದ್ದುದರಿಂದ ದೀಪವ್ವನ ಜೊತೆ ಆಸ್ಪತ್ರೆಗೆ ಹೋಗಲು ಯಾರೂ ಇರಲಿಲ್ಲ. ಧೃತಿಯೇ ಹೋಗತೊಡಗಿದಳು. ಶಸ್ತ್ರಚಿಕಿತ್ಸೆ ಆಗಿ ತಿಂಗಳುಗಳು ಕಳೆದಿದ್ದವು. ಆ ದಿನ ಹೊಸ ಸ್ಕ್ಯಾನ್ ಚಿತ್ರಗಳ ಫಲಿತಾಂಶ ಬರಬೇಕಿತ್ತು. ಜಾಲರಿಯ ಹಿಂದೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಕುಳಿತಿದ್ದಳು, ಕಣ್ಣಡಿ ಕಪ್ಪು, ಕಿರಿಯ ಡಾಕ್ಟರು. ಅವಳು ಕಿಂಡಿಯಲ್ಲಿ ಚೀಟಿ ತಳ್ಳಿ ಮುಂದಿನವರನ್ನು ಕರೆಯಲು ಬಾಯಿ ತೆರೆದಳು. ದೀಪವ್ವ ಸ್ಟೂಲು ಎಳೆದುಕೊಂಡು ಜಾಲರಿಗೆ ಮೊಣಕಾಲು ತಾಗುವಂತೆ ಕುಳಿತಳು.

"ಅವಸರ ಮಾಡಬ್ಯಾಡ ಮಗಳ. ನನಗ ಪೂರಾ ಹೇಳು."

ಹುಡುಗಿ ಅವಳನ್ನು ನೋಡಿದಳು, ಪರದೆಯನ್ನು ತನ್ನ ಕಡೆಯಿಂದ ಪಕ್ಕಕ್ಕೆ ಸರಿಸಿದಳು. ಹೇಳತೊಡಗಿದಳು. ಎಲುಬಿನಲ್ಲಿ ಒಂದು ಹೊಸ ಜಾಗ. ದೀಪವ್ವ ಎಲ್ಲಿ ಎಂದಳು. ಹುಡುಗಿ ತನ್ನ ಬೆನ್ನನ್ನೇ ತಿರುಗಿಸಿ ಬೆರಳಿಟ್ಟು ತೋರಿಸಿದಳು. ಹೊತ್ತು ಹೋಯಿತು.

ಹೊರಗೆ ಸಾಲು ಕುದಿಯತೊಡಗಿತ್ತು. ಮೊದಲು ಗೊಣಗಾಟ, ಆಮೇಲೆ ಬೈಗುಳ. ಒಳಗೆ ಹರಟೆ ಹೊಡೆಯುತ್ತಿದ್ದಾರೆಂದು ಯಾರೋ ಕೂಗಿದರು. ಬಾಗಿಲಿಗೆ ಒಂದು ಒದೆತ ಬಿತ್ತು, ಚೌಕಟ್ಟಿನಿಂದ ಗಾರೆ ಉದುರಿತು. ಮೇಲೆ ಶಟರಿನ ಮೋಟಾರು ಗುರ್ರೆಂದು ಎಚ್ಚರವಾಯಿತು. ಇನ್ನೊಂದು ಒದೆತ ಬಿದ್ದರೆ ಕಬ್ಬಿಣ ಇಳಿಯುತ್ತದೆ, ಕಾವಲಿನವರು ಲಾಠಿ ಹಿಡಿದು ಬರುತ್ತಾರೆ, ದೀಪವ್ವನಿಗೆ ಹೇಳುತ್ತಿರುವುದು ಅರ್ಧಕ್ಕೇ ನಿಲ್ಲುತ್ತದೆ. ಡಾಕ್ಟರ್ ಹುಡುಗಿ ಬಾಗಿಲ ಕಡೆ ನೋಡಿದಳು.

ಧೃತಿ ಹೊರಗೆ ಹೋಗಿ ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡಳು. ಎದುರಿಗೆ ಮೂವತ್ತರ ಗಂಡಸು, ಒದೆಯಲು ಎತ್ತಿದ ಕಾಲು, ಮಣಿಕಟ್ಟಿನಲ್ಲಿ ಕೆಂಪಗೆ ಉರಿಯುವ ಬಳೆ. ಅವನ ಹೆಗಲಿಗೆ ಒಬ್ಬ ಮುದುಕಿ ಒರಗಿದ್ದಳು, ಬಾಯಿಂದ ಉಸಿರು ಸೆಳೆಯುತ್ತಿದ್ದಳು. ಧೃತಿಯ ಹೆಗಲಿನ ಹಳೆಯ ಮುರಿತ ತಾನಾಗಿ ನೋಯತೊಡಗಿತು. ಅವಳು ಅವನ ಕೈ ನೋಡಲಿಲ್ಲ, ಮುಖ ನೋಡಿದಳು.

"ಇನ್ನ ಎಷ್ಟೊತ್ತು ನಿಂದರೂದ್ರಿ?" ಅವನು ಹಲ್ಲು ಕಚ್ಚಿ ಕೇಳಿದ.

"ಗೊತ್ತಿಲ್ಲ" ಎಂದಳು ಧೃತಿ. "ಒಳಗೆ ಒಬ್ಬರಿಗೆ ಅವರ ಕಾಯಿಲೆ ಏನು ಅಂತ ಹೇಳ್ತಾ ಇದ್ದಾರೆ. ಹೇಳೋಕೆ ಹೊತ್ತು ಬೇಕು. ನಿಮ್ಮ ತಾಯಿಗೂ ಬೇಕಾಗುತ್ತೆ. ಒಳಗೆ ಇರೋದು ಒಬ್ಬರೇ ಡಾಕ್ಟರು, ಹೊರಗೆ ನಾವು ಇಷ್ಟು ಜನ."

ಅವನು ಎತ್ತಿದ ಕಾಲನ್ನು ಇಳಿಸದೆಯೇ ತಿರುಗಿ ನೋಡಿದ. ಸಾಲು ಕಾರಿಡಾರು ದಾಟಿ, ಮೆಟ್ಟಿಲಿಳಿದು, ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿತ್ತು.